ಒಂದೇ ಗುಟುಕು, ತಾಯೀ

ಮಧ್ಯಾಹ್ನ ಮೂರು ಗಂಟೆ ಇಪ್ಪತ್ತು ನಿಮಿಷಕ್ಕೆ ಮಗು ಮೊದಲ ಸಲ ಹಾಲು ಕಕ್ಕಿತು.

ಇಷ್ಟು ಖಚಿತವಾಗಿ ಹೇಗೆ ಹೇಳುತ್ತೀಯಮ್ಮ ಎಂದು ನೀವು ಕೇಳಬಹುದು. ನಾನು ಬಿ.ಎ. ಪಾಸು ಮಾಡಿದ್ದಕ್ಕೆ ಅಪ್ಪ ಕೊಡಿಸಿದ ಕೈಗಡಿಯಾರ ಆಗಿನ್ನೂ ಹೊಸದು. ಬೀದಿಯಲ್ಲಿ ಎಮ್ಮೆ ನಡೆದುಹೋದರೂ ಎಷ್ಟು ಗಂಟೆಗೆ ಹೋಯಿತು ಎಂದು ನೋಡಿಕೊಳ್ಳುವ ಚಪಲ. ಆ ಗಡಿಯಾರ ಕೆಟ್ಟು, ರಿಪೇರಿಯಾಗಿ, ಮತ್ತೆ ಕೆಟ್ಟು ಎಲ್ಲಿಗೋ ಹೋಯಿತು. ಮೂರೂ ಇಪ್ಪತ್ತು ಮಾತ್ರ ಹೋಗಲಿಲ್ಲ. ಈಗಲೂ ಮಧ್ಯಾಹ್ನ ಉಂಡು ಅಡ್ಡಾದಾಗ ಪಕ್ಕದ ಮನೆಯಲ್ಲಿ ಮಗು ಕೆಮ್ಮಿದರೆ ಸಾಕು, ಎದ್ದು ಕೂರುತ್ತೇನೆ. ಮನೆಯವರು ನಗುತ್ತಾರೆ. ನಗಲಿ.

ಇದೆಲ್ಲ ಮತ್ತೆ ನೆನಪಾದದ್ದು ಒಂದು ಒಳಲೆಯ ದೆಸೆಯಿಂದ. ಮೊನ್ನೆ ಅಟ್ಟದ ಟ್ರಂಕಿನಲ್ಲಿ ಏನೋ ಹುಡುಕುತ್ತಿದ್ದಾಗ ಕೈಗೆ ಸಿಕ್ಕಿತು. ಕಪ್ಪಗಾಗಿದ್ದ ಹಿತ್ತಾಳೆಯದು. ತಂಗಿಯ ಮೊಮ್ಮಗಳು ಅದನ್ನು ತಿರುಗಿಸಿ ನೋಡಿ, "ದೊಡ್ಡಜ್ಜಿ, ಇದು ದೀಪಾನಾ? ಬತ್ತಿ ಎಲ್ಲಿ?" ಅಂದಳು. ಅವಳ ತಪ್ಪಲ್ಲ. ಈಗಿನ ಮಕ್ಕಳು ಬಾಟಲಿಯಲ್ಲಿ ಬೆಳೆದವರು. ಅಂಗೈಯೊಳಗೆ ಕೂರುವ, ಒಂದು ತುದಿ ಹಕ್ಕಿಯ ಕೊಕ್ಕಿನ ಹಾಗೆ ಮುಂದೆ ಚಾಚಿಕೊಂಡಿರುವ ಈ ಪುಟ್ಟ ಪಾತ್ರೆಯಿಂದಲೇ ನಮ್ಮ ಕಡೆಯ ಮಕ್ಕಳೆಲ್ಲ ಹಾಲು ಕುಡಿದದ್ದು.

ಹಾಲು ಎಂದೆ. ಹಾಲಿನ ನೆನಪು ಯಾರಿಗೆ ಇರುತ್ತದೆ? ನನಗಿರುವುದು ಹರಳೆಣ್ಣೆಯ ನೆನಪು. ತಿಂಗಳಿಗೊಂದು ಭಾನುವಾರ ನಮ್ಮಜ್ಜಿ ಕಾಲು ನೀಡಿ ಕೂತು, ನನ್ನನ್ನು ಕಾಲಿನ ಮೇಲೆ ಅಂಗಾತ ಕೆಡವಿ, ಮೂಗು ಹಿಡಿದು, ಒಳಲೆಯ ಕೊಕ್ಕನ್ನು ಬಾಯಿಗೆ ತುರುಕುತ್ತಿದ್ದಳು. ಮುಗಿದ ಮೇಲೆ ನಾಲಿಗೆಗೆ ಬೆಲ್ಲದ ಚೂರು. ನನಗೆ ಏಳು ವರ್ಷವಾದರೂ ಬಿಡಲಿಲ್ಲ. ಆಗ ನನ್ನ ಕಾಲುಗಳು ಅಜ್ಜಿಯ ತೊಡೆ ದಾಟಿ ಹೊಸಿಲ ತನಕ ಹೋಗುತ್ತಿದ್ದವು. ದೊಡ್ಡವಳಾದ ಮೇಲೆ ಕಾಲೇಜಿನಲ್ಲಿ ಯಾವ ಅಧ್ಯಾಪಕರು ಏನು ಹೇಳಿದರೂ ನಾನು ಬಾಯಿ ಬಿಗಿದು ಕೂರುತ್ತಿದ್ದದ್ದು ಆ ಭಾನುವಾರಗಳ ಪ್ರಭಾವವೇ ಇರಬೇಕು.

ಎಲ್ಲಿಗೋ ಹೋದೆ. ಶಿಕಾರಿಪುರದಲ್ಲಿ ಆದ ಆ ಮೂರೂ ಇಪ್ಪತ್ತರ ವಿಷಯ ಹೇಳುತ್ತಿದ್ದೆ.

ಐವತ್ತರ ದಶಕದ ಕೊನೆ. ಹೆಣ್ಣುಮಕ್ಕಳ ಶಾಲೆಯಲ್ಲಿ ನನಗೆ ಕೆಲಸ. ಊರವರಿಗೆ ನಾನು 'ಅಕ್ಕೋರು'. ವಾಸಕ್ಕೆ ಕರಿಯವ್ವ ಎಂಬ ಮುದುಕಿಯ ಮನೆಯ ಮುಂಭಾಗದ ಒಂದು ಕೋಣೆ. ಕೋಣೆಗೂ ಅವರ ಮನೆಗೂ ನಡುವೆ ಇದ್ದ ಗೋಡೆ ಸೂರಿನ ತನಕ ಹೋಗದೆ ಆಳೆತ್ತರಕ್ಕೆ ನಿಂತುಬಿಟ್ಟಿತ್ತು. ಹಾಗಾಗಿ ಅವರ ಮನೆಯ ಒಗ್ಗರಣೆ ನನ್ನ ಕಣ್ಣಲ್ಲಿ ನೀರು ತರಿಸುತ್ತಿತ್ತು. ನಾನು ಪಾಠ ಓದಿಕೊಳ್ಳುವುದು ಅವರಿಗೆ ನಿದ್ದೆ ತರಿಸುತ್ತಿತ್ತು. ಕರಿಯವ್ವನದು ಹೊಲವೂ ಕುರಿಯೂ ಇದ್ದ ಮನೆ. ಸುಗ್ಗಿ ಮುಗಿದೊಡನೆ ಮಗ ಬೀರಪ್ಪ ಕುರಿ ಹೊಡೆದುಕೊಂಡು ಬಯಲುಸೀಮೆ ಕಡೆ ಹೋದರೆ, ಅವರಿವರ ಹೊಲಗಳಲ್ಲಿ ಗೊಬ್ಬರಕ್ಕೆ ಕುರಿ ನಿಲ್ಲಿಸುತ್ತ ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ಮನೆಯಲ್ಲಿ ಕರಿಯವ್ವ, ಸೊಸೆ ನೀಲವ್ವ, ಆಗಷ್ಟೇ ಕತ್ತು ನಿಲ್ಲಿಸಲು ಕಲಿಯುತ್ತಿದ್ದ ಒಂದು ಹೆಣ್ಣುಕೂಸು. ಬೀರಪ್ಪ ಬಂದ ಮೇಲೆ ಹೆಸರಿಡೋಣವೆಂದು ಕೂಸಿಗೆ ಇನ್ನೂ ಹೆಸರಿಟ್ಟಿರಲಿಲ್ಲ.

ನೀಲವ್ವನ ತವರು ಸೊರಬದ ಕಡೆ, ಕ್ಯಾಸನೂರಿನ ಹತ್ತಿರದ ಒಂದು ಹಳ್ಳಿ. ಅಣ್ಣನ ಮದುವೆಗೆ ಕೂಸು ಎತ್ತಿಕೊಂಡು ಹೋದಳು. ಮದುವೆಯೂಟಕ್ಕೆ ಎಲೆ ಹಚ್ಚಬೇಕಲ್ಲ, ಕೂಸನ್ನು ತಾಯಿಯ ಹತ್ತಿರ ಬಿಟ್ಟು ಹೆಂಗಸರ ಜೊತೆ ಮುತ್ತುಗದ ಎಲೆಗೆ ಕಾಡಿಗೆ ಹೋಗಿದ್ದಾಳೆ. ಆ ವರ್ಷ ಆ ಕಾಡಿನಲ್ಲಿ ಮಂಗಗಳು ಸಾಯುತ್ತಿದ್ದವು. ಮದುವೆ ಮುಗಿಸಿ ಬಸ್ಸಿನಲ್ಲಿ ನಗುನಗುತ್ತ ಬಂದವಳು, ಕೆಲವು ದಿನಕ್ಕೆ ಹಾಸಿಗೆ ಹಿಡಿದಳು. ಕಣ್ಣು ಕೆಂಡದ ಹಾಗೆ, ಮೈಮುಟ್ಟಿದರೆ ಕೈ ಸುಡುವ ಜ್ವರ. ಆ ಮಂಗನ ಜ್ವರದವರನ್ನು ಹುಡುಕಿಕೊಂಡು ಓಡಾಡುತ್ತಿದ್ದ ಆರೋಗ್ಯ ಇಲಾಖೆಯ ಜೀಪಿನವರು ಬಂದು ಅವಳನ್ನು ಸೊರಬದ ಆಸ್ಪತ್ರೆಗೆ ಕರೆದೊಯ್ದರು. ಕೂಸನ್ನು ಅವಳ ಜೊತೆ ಬಿಡಲಿಲ್ಲ. ಜೀಪು ಹೊರಟಾಗ ನೀಲವ್ವ ಏಳಲಾರದೆ ಏಳಲು ನೋಡಿದ್ದು, ಅವಳ ಎದೆಯ ಮೇಲೆ ರವಿಕೆ ಹಾಲಿನಿಂದ ಒದ್ದೆಯಾಗಿದ್ದದ್ದು, ಈಗಲೂ ಕಣ್ಣ ಮುಂದಿದೆ.

ಆ ಜ್ವರ ಮನುಷ್ಯರಿಂದ ಮನುಷ್ಯರಿಗೆ ಹತ್ತುವುದಿಲ್ಲ ಎಂದು ನಮಗೆಲ್ಲ ಗೊತ್ತಾದದ್ದು ಆಮೇಲೆ. ಅವತ್ತು ನಮ್ಮ ಕೇರಿ ಕರಿಯವ್ವನ ಮನೆಯ ಮುಂದೆ ಬಂದಾಗ ಬೀದಿಯ ಆಚೆ ಬದಿಗೆ ಸರಿಯಿತು. ಬಾವಿಯಲ್ಲಿ ಎಲ್ಲರದ್ದೂ ಆದ ಮೇಲೆ ನೀನು ಸೇದಿಕೋ ಎಂದರು. ದಿನಾ ಸಂಜೆ ಎಲೆಅಡಿಕೆ ಹಾಕಲು ಬರುತ್ತಿದ್ದ ಮುದುಕಿಯರು ಬರಲಿಲ್ಲ. ನನಗೂ ಹೆದರಿಕೆ ಇತ್ತು. ಗೋಡೆ ಸೂರಿನ ತನಕ ಇದ್ದಿದ್ದರೆ ಎಂದುಕೊಂಡೆ. ಆದರೆ ಗೋಡೆಯ ಮೇಲಿನಿಂದ ಬರುತ್ತಿದ್ದ ಆ ಅಳು! ಕರಿಯವ್ವ ಸಕ್ಕರೆನೀರಲ್ಲಿ ಬಟ್ಟೆ ಅದ್ದಿ ಚೀಪಿಸುತ್ತಿದ್ದಳು. ಕೂಸು ಅದನ್ನು ಉಗುಳಿ, ತಲೆ ಅತ್ತಿತ್ತ ತಿರುಗಿಸಿ, ಇಲ್ಲದ ಎದೆಯನ್ನು ಹುಡುಕುತ್ತಿತ್ತು.

ಮೊದಲು ಬಂದವರು ಎಸ್ತೇರಮ್ಮ. ಚರ್ಚಿನಲ್ಲಿ ಬೋಧನೆ ಮಾಡುವ ಉಪದೇಶಿಯವರ ಹೆಂಡತಿ, ದಪ್ಪಗೆ, ಕೈಯಲ್ಲಿ ಯಾವಾಗಲೂ ಗಂಡಸರ ಕೊಡೆ. ನಮ್ಮಲ್ಲಿ ಎರಡು ಪುಟ್ಟ ಚರ್ಚುಗಳಿದ್ದವು. ಒಂದಕ್ಕೆ ಗಂಟೆಯಿತ್ತು, ಇನ್ನೊಂದಕ್ಕೆ ಹಾರ್ಮೋನಿಯಂ ಇತ್ತು. ನನ್ನ ಶಾಲೆಯ ಹುಡುಗಿಯರು ಅವನ್ನು ಹಾಗೆಯೇ ಕರೆಯುತ್ತಿದ್ದರು: ಗಂಟೆ ಚರ್ಚು, ಪೆಟ್ಟಿಗೆ ಚರ್ಚು. ಎರಡೂ ಚರ್ಚಿನವರು ಒಬ್ಬನೇ ದೇವರಿಗೆ ಕೈ ಮುಗಿಯುತ್ತಿದ್ದರೂ ಸಂತೆಯಲ್ಲಿ ಎದುರಾದರೆ ಬದನೆಕಾಯಿ ಆರಿಸುವುದರಲ್ಲಿ ಮಗ್ನರಾಗುತ್ತಿದ್ದರು. ಎಸ್ತೇರಮ್ಮ ಪೆಟ್ಟಿಗೆ ಚರ್ಚಿನವರು. ಅಲ್ಲಿಗೆ ಡ್ರಮ್ಮುಗಳಲ್ಲಿ ಪರದೇಶದ ಹಾಲಿನ ಪುಡಿ ಬರುತ್ತಿತ್ತು. ಅದನ್ನು ಯಾರ ಮಕ್ಕಳು ಎಂದು ಕೇಳದೆ ಹಂಚುತ್ತಿದ್ದರು. ಮಕ್ಕಳು ಅದನ್ನು ಮನೆಗೆ ಒಯ್ಯದೆ ದಾರಿಯಲ್ಲೇ ಒಣ ಪುಡಿಯನ್ನೇ ಬಾಯಿಗೆ ಸುರಿದುಕೊಳ್ಳುತ್ತಿದ್ದರು. ಆಮೇಲೆ ತರಗತಿಯಲ್ಲಿ ಅಂಗುಳಿಗೆ ಅಂಟಿದ ಪುಡಿಯನ್ನು ನಾಲಿಗೆಯಿಂದ ಕೆರೆಯುತ್ತ ಮಗ್ಗಿ ಒಪ್ಪಿಸುತ್ತಿದ್ದರು.

ಎಸ್ತೇರಮ್ಮ ಕೊಡೆ ಮಡಚಿ, ಬಾಗಿಲಲ್ಲಿ ನಿಂತು, "ಒಳಗೆ ಬರಬಹುದಾ ಕರಿಯವ್ವಾ?" ಅಂದರು.

ಕರಿಯವ್ವ ಅವರನ್ನು ನೋಡಿದಳು. ಆ ಹೊಸಿಲನ್ನು ಯಾರಾದರೂ ದಾಟಿ ಎಷ್ಟು ದಿನವಾಗಿತ್ತೋ. "ಬರ್ರೀ ತಾಯೀ, ಬರ್ರೀ," ಎಂದು ಚಾಪೆ ಹಾಸಲು ಹೋಗಿ, ಚಾಪೆ ಹಿಡಿದುಕೊಂಡೇ ಅಳಲು ಶುರುಮಾಡಿದಳು.

ಒಬ್ಬರು ಬಂದರೆಂದು ತಿಳಿದ ಮೇಲೆ ಉಳಿದವರು ಸುಮ್ಮನಿರುತ್ತಾರೆಯೇ? ಮಾರನೆಯ ದಿನ ಗಂಟೆ ಚರ್ಚಿನ ಲೂಸಿಯಮ್ಮ ಅಂಗಡಿಯ ಹಾಲುಪುಡಿಯ ಡಬ್ಬಿ ಹಿಡಿದು ಬಂದರು. ತೆಳ್ಳಗೆ, ಬೆಳ್ಳಗೆ, ಮಾತು ಕಡಿಮೆ. ಮಂಗಳೂರು ಕಡೆಯಿಂದ ಮದುವೆಯಾಗಿ ಬಂದವರು. ಇದು ಮಹಿಳಾ ಸಮಾಜದ ಗೌರಮ್ಮನವರ ಕಿವಿಗೆ ಬಿತ್ತು. ಗೌರಮ್ಮನವರದು ಮಡಿ ಮನೆ, ಕೊಟ್ಟಿಗೆಯಲ್ಲಿ ಕರೆಯುವ ಎರಡು ಹಸು. "ಊರಿನ ಕೂಸಿಗೆ ಊರಿನ ಹಾಲಿಲ್ಲವೇನ್ರೀ? ಡಬ್ಬಿ ಹಾಲು ಕುಡಿದು ಬೆಳೀಬೇಕಾ?" ಎಂದು ಅವರೂ ತಂಬಿಗೆ ಹಿಡಿದು ಹೊರಟರು. ಭಜನಾ ಮಂಡಳಿಯ ಗಂಡಸರು, ಹಾಲಿನ ವಿಷಯದಲ್ಲಿ ತಮ್ಮಿಂದ ಆಗುವುದೇನೂ ಇಲ್ಲವೆಂದು ಸೌದೆ ಒಡೆದು ಹಾಕಿ ಬಾವಿಯಿಂದ ನೀರು ತಂದು ತುಂಬಿಸಿದರು. ಸೊರಬದ ಬಸ್ಸಿನ ಕಂಡಕ್ಟರ್ ದಿನಾ ಆಸ್ಪತ್ರೆಯಲ್ಲಿ ವಿಚಾರಿಸಿಕೊಂಡು ಬಂದು, ಬಸ್ಸು ನಮ್ಮ ಕೇರಿಯ ಮೂಲೆ ತಿರುಗುವಾಗ ಕಿಟಕಿಯಿಂದ ಕೂಗುತ್ತಿದ್ದ: "ಅಕ್ಕೋರೇ! ಹಂಗೇ ಐತೆ!" ಹಂಗೇ ಐತೆ ಎಂದರೆ ಬದುಕಿದ್ದಾಳೆ ಎಂದು ಅರ್ಥ. ಬಸ್ಸಿನಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿ ನೋಡುತ್ತಿದ್ದರು, ನನಗೇ ಏನೋ ಆಗಿದೆ ಎಂಬಂತೆ.

ಯಾರು ಯಾವಾಗ ಬರಬೇಕು ಎಂದು ತೀರ್ಮಾನಿಸಲು ನನ್ನ ಕೋಣೆಯಲ್ಲಿ ಸಭೆ ಸೇರಿತು. ಇಷ್ಟು ಮರ್ಯಾದೆಯ ಸಭೆಯನ್ನು ನಾನು ಮತ್ತೆ ನೋಡಿಲ್ಲ.

"ಬೆಳಿಗ್ಗೆ ನೀವು ಬನ್ನಿ ಗೌರಮ್ಮನೋರೇ, ಹಸುವಿನ ಹಾಲು ಬಿಸಿ ಬಿಸಿ ಇರುತ್ತೆ," ಅಂದರು ಎಸ್ತೇರಮ್ಮ.

"ಛೆ ಛೆ, ಮೊದಲು ಬಂದವರು ನೀವು. ಬೆಳಿಗ್ಗೆ ನಿಮ್ಮದೇ ಆಗಲಿ."

"ಲೂಸಿಯಮ್ಮನವರು ಏನಂತಾರೋ?"

"ನನಗೆ ಯಾವಾಗಾದರೂ ಆದೀತು," ಅಂದರು ಲೂಸಿಯಮ್ಮ, ಗೋಡೆಯ ಕ್ಯಾಲೆಂಡರ್ ನೋಡುತ್ತ.

ಕೊನೆಗೆ ಬೆಳಿಗ್ಗೆ ಎಸ್ತೇರಮ್ಮ, ಮಧ್ಯಾಹ್ನ ಲೂಸಿಯಮ್ಮ, ಸಂಜೆ ಗೌರಮ್ಮ ಎಂದಾಯಿತು. ಯಾರೂ ಬಾಯಿಬಿಟ್ಟು ಹೇಳದ ಇನ್ನೊಂದು ಒಪ್ಪಂದವೂ ಆಯಿತು: ಒಬ್ಬರು ಒಳಗಿರುವಾಗ ಇನ್ನೊಬ್ಬರು ಬರಬಾರದು. ಗೌರಮ್ಮನವರ ತಂಬಿಗೆಗೆ ಎಸ್ತೇರಮ್ಮನ ಸೆರಗು ತಗುಲಿ ಅವರಿಗೆ ಮುಜುಗರವಾಗುವುದು ಬೇಡ, ಎಸ್ತೇರಮ್ಮನ ಪ್ರಾರ್ಥನೆಯ ಹೊತ್ತಿಗೆ ಲೂಸಿಯಮ್ಮ ಬಂದು ಇಬ್ಬರಿಗೂ ಇಕ್ಕಟ್ಟಾಗುವುದು ಬೇಡ. ಎಲ್ಲವೂ ಒಬ್ಬರ ಮನಸ್ಸನ್ನು ಇನ್ನೊಬ್ಬರು ನೋಯಿಸಬಾರದೆಂದೇ. ಒಬ್ಬೊಬ್ಬರೂ ತಮ್ಮದೇ ಪಾತ್ರೆ, ತಮ್ಮದೇ ಒಳಲೆ ತರುತ್ತಿದ್ದರು, ಗೌರಮ್ಮನವರದು ಬೆಳ್ಳಿಯದು. ಹಾಲು ಹಾಕಿ, ತೊಳೆದು, ಸೆರಗಲ್ಲಿ ಮುಚ್ಚಿಕೊಂಡು, ಇನ್ನೊಬ್ಬರು ಬೀದಿಯ ತಿರುವಿನಲ್ಲಿ ಕಾಣುವ ಮೊದಲೇ ಹೋಗಿಬಿಡುತ್ತಿದ್ದರು. ಬಂದು ಹೋದ ಗುರುತು ಒಂದು ಹನಿಯಷ್ಟೂ ಉಳಿಯುತ್ತಿರಲಿಲ್ಲ.

ಬಂದವರು ಕೇಳುವ ಮೊದಲ ಮಾತು ಎಲ್ಲರದ್ದೂ ಒಂದೇ. "ಕೂಸು ಹಾಲು ಕುಡೀತಾ ಕರಿಯವ್ವಾ?"

ಕರಿಯವ್ವನ ಉತ್ತರವೂ ಒಂದೇ. "ಎಲ್ಲೈತೆ ತಾಯೀ, ಒಂದೇ ಗುಟುಕು."

ನೀವು ನಮ್ಮ ಕಡೆಯವರಾದರೆ ಈ ಮಾತು ನಿಮಗೆ ಗೊತ್ತು. ಯಾರದಾದರೂ ಮನೆಗೆ ಹೋಗಿ ಅವರು ತಟ್ಟೆ ಮುಂದಿಟ್ಟಾಗ, ಆಗಷ್ಟೇ ಹೊಟ್ಟೆ ಬಿರಿಯ ಉಂಡಿದ್ದರೂ "ಎಲ್ಲಿ, ಸುಮ್ಮನೆ ಬಾಯಾಡಿಸಿದ್ದು" ಅನ್ನುತ್ತೇವೆ. ಉಂಡಾಯಿತು ಎಂದರೆ ನಿಮ್ಮ ತಟ್ಟೆ ಬೇಡ ಎಂದ ಹಾಗೆ. ತಂದವರ ಕೈಯನ್ನು ಹಿಂದಕ್ಕೆ ತಳ್ಳಿದ ಹಾಗೆ. ಒಂದೇ ಗುಟುಕು ಕುಡಿದಿದೆ ಎಂದು ಕೇಳಿದ ಎಸ್ತೇರಮ್ಮ, ಪಾಪ ಎಂದು ಪುಡಿಯನ್ನು ಒಂದು ಚಮಚ ಹೆಚ್ಚು ಹಾಕಿ ಗಟ್ಟಿ ಮಾಡಿದರು. ಬೆಳಗಿನಿಂದ ಒಂದೇ ಗುಟುಕು ಎಂದು ಕೇಳಿದ ಲೂಸಿಯಮ್ಮ ಎರಡು ಚಮಚ ಹೆಚ್ಚು ಹಾಕಿದರು, ಮತ್ತೊಂದು ಒಳಲೆ ತುಂಬಿಸಿದರು. ದಿನವಿಡೀ ಒಂದೇ ಗುಟುಕು ಎಂದು ಕೇಳಿದ ಗೌರಮ್ಮನವರಂತೂ ಮಧ್ಯಾಹ್ನವೇ ಬರತೊಡಗಿದರು. ನೀರು ಬೆರೆಸಿದ ಹಾಲು ಕೊಟ್ಟರು ಎಂಬ ಮಾತು ಮಹಿಳಾ ಸಮಾಜಕ್ಕೆ ಬರಬಾರದೆಂದು, ಕಾಯಿಸಿ ಕಾಯಿಸಿ ಕೆನೆಗಟ್ಟಿಸಿದ ಹಾಲನ್ನೇ ಹಾಕಿದರು. ಕೂಸು ಕುಡಿಯುತ್ತಿತ್ತು. ಎದೆ ಸಿಗದ ಕೂಸು ಬಾಯಿಗೆ ಬಂದದ್ದನ್ನೆಲ್ಲ ನುಂಗುತ್ತಿತ್ತು.

ಅವತ್ತು ಶಾಲೆಗೆ ರಜೆ. ನನ್ನ ಕೋಣೆಯಲ್ಲಿ ಕೂತು ಸೀರೆಯ ಅಂಚು ಹೊಲಿಯುತ್ತಿದ್ದೆ. ಲೂಸಿಯಮ್ಮ ಬಂದು ಹೋಗಿದ್ದರು, ಗೌರಮ್ಮನವರೂ ಬಂದು ಹೋಗಿದ್ದರು. ಗೋಡೆಯ ಆಚೆಯಿಂದ ಕೆಮ್ಮಿದಂಥ ಒಂದು ಸದ್ದು. ಆಮೇಲೆ ಕರಿಯವ್ವನ ದನಿ, "ಅಯ್ಯ, ಅಯ್ಯ, ಅಯ್ಯ."

ಹೋಗಿ ನೋಡಿದೆ. ಮೊಸರಿನಂತೆ ಒಡೆದ ಹಾಲು ಕೂಸಿನ ಬಾಯಿಂದ, ಮೂಗಿನಿಂದ ಬರುತ್ತಿತ್ತು. ಅದು ನಿಲ್ಲುವ ಮೊದಲೇ ಭೇದಿ. ಒಂದಾದ ಮೇಲೊಂದು. ಹೊತ್ತು ಇಳಿಯುವಷ್ಟರಲ್ಲಿ ಕೂಸಿನ ಮುಖವೇ ಬೇರೆಯಾಗಿತ್ತು. ಕಣ್ಣು ಗುಳಿ ಬಿದ್ದು, ತುಟಿ ಒಣಗಿ, ನೆತ್ತಿಯ ಮೆತ್ತಗಿನ ಜಾಗ ತಗ್ಗಾಗಿ ಹೋಗಿತ್ತು. ಅಳುತ್ತಿತ್ತು, ಆದರೆ ಕಣ್ಣಲ್ಲಿ ನೀರಿರಲಿಲ್ಲ. ಆಮೇಲೆ ಅಳುವುದನ್ನೂ ಬಿಟ್ಟಿತು. ಅಲ್ಲಿಯವರೆಗೆ ಆ ಅಳು ನಿಂತರೆ ಸಾಕು ಎಂದುಕೊಂಡಿದ್ದವಳು, ಅದು ನಿಂತಾಗ ಮತ್ತೆ ಅಳಲಿ ಎಂದು ಬೇಡಿಕೊಂಡೆ. ಮಕ್ಕಳ ಆರೋಗ್ಯದ ಬಗ್ಗೆ ಪರೀಕ್ಷೆಯಲ್ಲಿ ನಾಲ್ಕು ಪುಟ ಬರೆದು ಮೆಚ್ಚುಗೆ ಪಡೆದವಳು ನಾನು. ಅದರ ಒಂದು ಸಾಲೂ ನೆನಪಾಗಲಿಲ್ಲ. ಚಪ್ಪಲಿ ಮೆಟ್ಟದೆ ಡಾಕ್ಟರ ಮನೆಗೆ ಓಡಿದೆ.

ಡಾಕ್ಟರು ವಯಸ್ಸಾದವರು, ಸಿಡುಕು. ಬಂದವರೇ ಕೂಸಿನ ಹೊಟ್ಟೆಯ ಚರ್ಮವನ್ನು ಎರಡು ಬೆರಳಿಂದ ಹಿಡಿದು ಬಿಟ್ಟರು. ಅದು ಮಡಿಕೆಯಾಗಿಯೇ ನಿಂತಿತು. "ಹಾಲು ಹಾಕಿದವರು ಯಾರು?" ಅಂದರು. ಭಜನಾ ಮಂಡಳಿಯವರು ಮೂರು ದಿಕ್ಕಿಗೆ ಓಡಿ ಮೂವರನ್ನೂ ಕರೆತಂದರು. ಆ ಮನೆಯೊಳಗೆ ಮೂವರೂ ಒಟ್ಟಿಗೆ ನಿಂತದ್ದು ಅದೇ ಮೊದಲು.

"ನಾನು ಬೆಳಿಗ್ಗೆ ಎರಡು ಒಳಲೆ ಹಾಕಿದೆ, ಅಷ್ಟೇ," ಅಂದರು ಎಸ್ತೇರಮ್ಮ.

"ನಾನು ಮೂರು," ಅಂದರು ಲೂಸಿಯಮ್ಮ. "ಬೆಳಿಗ್ಗೆಯಿಂದ ಒಂದೇ ಗುಟುಕು ಅಂದರಲ್ಲ."

ಗೌರಮ್ಮನವರು ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು. ಅವರ ಬೆಳ್ಳಿಯ ಒಳಲೆ ಉಳಿದೆರಡಕ್ಕಿಂತ ದೊಡ್ಡದಿತ್ತು.

ಡಾಕ್ಟರು ತಮ್ಮ ಮುಷ್ಟಿ ತೋರಿಸಿದರು. "ಅದರ ಹೊಟ್ಟೆ ಇಷ್ಟೂ ಇಲ್ಲ ಕಣ್ರಮ್ಮಾ. ಮೂರು ಮನೆಯ ಪ್ರೀತಿ ಎಲ್ಲಿ ಹಿಡಿಸ್ತದೆ? ಅದೂ ಪಾಯಸದ ಹಾಗೆ ಗಟ್ಟಿ ಮಾಡಿ!"

ಎಲ್ಲರೂ ಕರಿಯವ್ವನ ಕಡೆ ತಿರುಗಿದರು. ಅವಳು ಕಂಬಕ್ಕೆ ಒರಗಿ ಕೂತಿದ್ದಳು.

"ಹೊಟ್ಟೆ ತುಂಬೈತೆ ಅನ್ನೋಕೆ ಬಾಯಿ ಬರಲಿಲ್ರೀ," ಅಂದಳು. "ಈ ಬಾಗಿಲಿಗೆ ಯಾರೂ ಬರಾಂಗಿಲ್ಲ ಅಂದಾಗ ನೀವು ಬಂದ್ರಿ. ಬೇಡ ಅಂದ್ರ ನಾಳಿ ಬರ್ತೀರೋ ಇಲ್ಲೋ ಅಂತ..." ಮುಂದಿನದು ಸೆರಗಿನೊಳಗೆ ಹೋಯಿತು.

ಎಸ್ತೇರಮ್ಮ ಹೋಗಿ ಅವಳ ಪಕ್ಕದಲ್ಲಿ, ನೆಲದ ಮೇಲೆಯೇ, ಧಪ್ಪೆಂದು ಕೂತರು.

ಹಾಲು ಪೂರಾ ನಿಲ್ಲಿಸಿ ಎಂದರು ಡಾಕ್ಟರು. ಕುದಿಸಿ ಆರಿಸಿದ ನೀರು, ಅಕ್ಕಿಯ ಗಂಜಿಯ ತಿಳಿ, ಅದಕ್ಕೆ ಚಿಟಿಕೆ ಉಪ್ಪು, ಸ್ವಲ್ಪ ಸಕ್ಕರೆ. ಒಂದು ಸಲಕ್ಕೆ ಅರ್ಧ ಚಮಚ. ಅದು ಉಳಿದರೆ ಇನ್ನೊಂದು ಅರ್ಧ. "ಬಿಡಬಾರದು. ಒಬ್ಬರು ಏಳಬೇಕಾದರೆ ಇನ್ನೊಬ್ಬರು ಬಂದು ಪಕ್ಕದಲ್ಲಿ ಕೂತ ಮೇಲೆಯೇ ಏಳಬೇಕು. ಎಷ್ಟು ಹೋಯಿತು, ಎಷ್ಟು ಉಳಿಯಿತು, ಬಾಯಿಬಿಟ್ಟು ಹೇಳಬೇಕು. ಮರ್ಯಾದೆ ಗಿರ್ಯಾದೆ ಎಲ್ಲಾ ಆಮೇಲೆ." ಹೊರಡುವಾಗ ನನ್ನನ್ನು ಜಗಲಿಗೆ ಕರೆದು, ತಗ್ಗಿದ ದನಿಯಲ್ಲಿ, "ಉಚ್ಚೆ ಹೊಯ್ದರೆ ಉಳೀತದೆ. ಬೆಳಗಿನೊಳಗೆ ಹೊಯ್ಯದಿದ್ದರೆ ನನಗೆ ಹೇಳಿಕಳಿಸಿ," ಎಂದರು. ಹೇಳಿಕಳಿಸಿ ಎಂದ ರೀತಿಯಲ್ಲೇ, ಹೇಳಿಕಳಿಸಿದರೆ ಮಾಡುವುದೇನೂ ಇಲ್ಲ ಎಂಬುದಿತ್ತು.

ಗಂಜಿ ಬೇಯಿಸಬೇಕು. ಯಾರ ಅಕ್ಕಿ, ಯಾರ ನೀರು, ಯಾರ ಪಾತ್ರೆ? ಒಂದು ಕ್ಷಣ ಮೂವರೂ ನಿಂತರು. ನಾನು ಅವರ ಮುಖ ನೋಡಿದೆ. ಆಮೇಲೆ ಗೌರಮ್ಮನವರು, ಯಾರ ಮನೆಯ ನೀರನ್ನೂ ಮುಟ್ಟದ ಗೌರಮ್ಮನವರು, ಸೆರಗು ಸೊಂಟಕ್ಕೆ ಸಿಕ್ಕಿಸಿ ಕರಿಯವ್ವನ ಒಲೆಯ ಮುಂದೆ ಕೂತು ಊದುಕೊಳವೆ ಕೈಗೆತ್ತಿಕೊಂಡರು. "ಲೂಸಿಯಮ್ಮಾ, ಆ ಗಡಿಗೆಯಿಂದ ನೀರು ಬಗ್ಗಿಸಿ. ಎಸ್ತೇರಮ್ಮಾ, ಅಕ್ಕಿ ತೊಳೀರಿ. ನಿಂತು ನೋಡ್ತಾ ಇದೀರಲ್ಲ!" ತಮ್ಮ ತಮ್ಮ ಒಳಲೆಗಳನ್ನು ಮೂವರೂ ಬದಿಗಿಟ್ಟರು. ಕರಿಯವ್ವ ತನ್ನ ಮನೆಯ ಹಿತ್ತಾಳೆಯದನ್ನು ಹುಣಸೆಹುಳಿ ಹಾಕಿ ತಿಕ್ಕಿ ತಂದಳು. ನನಗೆ ವರ್ಗವಾದಾಗ, ನಾನು ಬೇಡವೆಂದರೂ ಕೇಳದೆ ಅವಳು ನನ್ನ ಟ್ರಂಕಿಗೆ ಹಾಕಿದ್ದು ಅದನ್ನೇ.

ಆ ರಾತ್ರಿಯ ಮಾತು ಹೆಚ್ಚು ಬೇಡ. ನಾನು ಅದನ್ನು ಬೇಕಾದಷ್ಟು ಸಲ ಒಬ್ಬಳೇ ದಾಟಿದ್ದೇನೆ. ಅರ್ಧ ಚಮಚ, ಇನ್ನೊಂದು ಅರ್ಧ. ಕೂಸು ಕಕ್ಕಿದರೆ ಮತ್ತೆ ಮೊದಲಿಂದ. ಕೂಸಿಗೆ ಹೆಸರಿಲ್ಲದ್ದರಿಂದ ಒಬ್ಬೊಬ್ಬರು ಒಂದೊಂದು ಹೆಸರಿನಿಂದ ಕರೆದು ಬೇಡಿಕೊಂಡರು. ಎಸ್ತೇರಮ್ಮನಿಗೆ ಅದು ರೂತಮ್ಮ, ಲೂಸಿಯಮ್ಮನಿಗೆ ಮರಿಯಾ, ಗೌರಮ್ಮನವರಿಗೆ ಪುಟ್ಟಗೌರಿ. ನಾನು ಯಾವ ಹೆಸರನ್ನೂ ಇಡಲಿಲ್ಲ. ಹೆಸರಿಟ್ಟರೆ ಏನಾದೀತೋ ಎಂದು ಹೆದರಿದ್ದೆ. ಭಜನಾ ಮಂಡಳಿಯವರು ಅವತ್ತಿನ ಭಜನೆ ಮುಗಿಸಿ ನಮ್ಮ ಕೇರಿ ದಾಟುವಾಗ ತಾಳಗಳನ್ನು ಅಂಗಿಯೊಳಗೆ ಅವುಚಿಕೊಂಡು ಬರಿಗಾಲಲ್ಲಿ ನಡೆದರಂತೆ. ಬೆಳಗಿನ ಜಾವ ಹೊಡೆಯಬೇಕಾದ ಗಂಟೆ ಚರ್ಚಿನ ಗಂಟೆಯ ನಾಲಿಗೆಗೆ ಲೂಸಿಯಮ್ಮನ ಗಂಡ ಹಳೆಯ ಪಂಚೆ ಸುತ್ತಿ ಬಂದರು. ಕೂಸು ಬೆಚ್ಚಬಾರದೆಂದು.

ಬಿಸಿಲು ಬಾಗಿಲಿಗೆ ಬಂದಾಗ ಕೂಸು ಗೌರಮ್ಮನವರ ತೊಡೆಯ ಮೇಲಿತ್ತು. ಗೌರಮ್ಮನವರು ಇದ್ದಕ್ಕಿದ್ದಂತೆ ಮರದ ಬೊಂಬೆಯ ಹಾಗೆ ಸೆಟೆದು ಕೂತರು.

"ಏನಾಯ್ತು?" ಅಂದರು ಲೂಸಿಯಮ್ಮ, ಎದೆ ಹಿಡಿದುಕೊಂಡು.

"ಯಾರೂ ಅಲ್ಲಾಡಬೇಡಿ," ಗೌರಮ್ಮನವರು ತುಟಿ ಅಲ್ಲಾಡಿಸದೆ ಪಿಸುಗುಟ್ಟಿದರು. "ಹೊಯ್ತಾ ಇದೆ."

ಅವರ ಮಡಿಸೀರೆಯ ಮೇಲೆ ಒಂದು ಒದ್ದೆಯ ಗುರುತು ನಿಧಾನವಾಗಿ ದೊಡ್ಡದಾಗುತ್ತಿತ್ತು. ಅಲ್ಲಾಡಿದರೆ ಎಲ್ಲಿ ನಿಂತುಬಿಡುತ್ತದೋ ಎಂದು ಅವರು ಕಣ್ಣನ್ನೂ ಮಿಟುಕಿಸಲಿಲ್ಲ. ನಾವೆಲ್ಲ ಸುತ್ತ ಬಗ್ಗಿ, ಬೆಳೆದ ಹೆಂಗಸರು, ಆ ಒದ್ದೆಯನ್ನೇ ನೋಡುತ್ತ ನಿಂತಿದ್ದೆವು. ಎಸ್ತೇರಮ್ಮ ಗಟ್ಟಿಯಾಗಿ ದೇವರ ಸ್ತುತಿ ಶುರುಮಾಡಿದರು. ಲೂಸಿಯಮ್ಮ ಹಣೆ, ಎದೆ, ಹೆಗಲು ಮುಟ್ಟಿಕೊಂಡರು. ಕರಿಯವ್ವ ಆ ಸೀರೆಯ ಅಂಚಿಗೆ ಹಣೆ ಹಚ್ಚಿದಳು. ಗೌರಮ್ಮನವರು ಮಾತ್ರ, "ಇನ್ನೂ ಇದೆ, ಇನ್ನೂ ಇದೆ, ಸುಮ್ಮನಿರಿ," ಎನ್ನುತ್ತಲೇ ಇದ್ದರು.

ಅದಾದ ಮೇಲೆ ಆ ಮನೆಯ ರಿವಾಜೇ ಬದಲಾಯಿತು. ಮುಂದಿನವರು ಬಂದು ಕೂತು, ಎಷ್ಟು ಕುಡಿಯಿತು ಎಂದು ಕೇಳಿಕೊಳ್ಳುವ ತನಕ ಇದ್ದವರು ಏಳುವಂತಿರಲಿಲ್ಲ. ಕಾಯುವಾಗ ಸುಮ್ಮನೆ ಕೂರಲಾದೀತೇ? ಕಾಫಿಯಾಯಿತು. ಕಾಫಿಯ ಜೊತೆ ಮಾತಾಯಿತು. ಬದನೆಕಾಯಿ ಹುಳುಕೋ ಅಲ್ಲವೋ ಎಂದು ನೋಡುವುದು ಹೇಗೆಂದು ಎಸ್ತೇರಮ್ಮನಿಗೂ ಲೂಸಿಯಮ್ಮನಿಗೂ ಜಗಳವೂ ಆಯಿತು. ಇಷ್ಟು ವರ್ಷ ಸಂತೆಯಲ್ಲಿ ಒಬ್ಬರನ್ನೊಬ್ಬರು ನೋಡದೆ ನೋಡಿದ್ದರೆಂಬುದು ಹಾಗೆ ಹೊರಬಿತ್ತು. ಗೌರಮ್ಮನವರು ಮನೆಗೆ ಹೋಗಿ ಸ್ನಾನ ಮಾಡಿಯೇ ಅಡುಗೆಮನೆಗೆ ಕಾಲಿಡುತ್ತಿದ್ದರು. ಅದನ್ನು ಮುಚ್ಚಿಡಲೂ ಇಲ್ಲ. "ಎರಡು ಸಲ ಸ್ನಾನ ಮಾಡಿ ಮಾಡಿ ನನ್ನ ನೆಗಡಿಯೇ ಬಿಟ್ಟಿಲ್ಲ ನೋಡ್ರೀ," ಎಂದು ನಗುತ್ತಿದ್ದರು. ಕೇರಿಯ ಮುದುಕಿಯರು ಮೊದಲು ಬಾಗಿಲ ತನಕ, ಆಮೇಲೆ ಎಲೆಅಡಿಕೆ ಚೀಲದ ಸಮೇತ ಒಳಗೆ ಬಂದರು.

ಯಾರಿಂದಲೋ ಸುದ್ದಿ ತಿಳಿದು ಬೀರಪ್ಪ ಒಂದು ಆಡು ಹೊಡೆದುಕೊಂಡು ಓಡೋಡಿ ಬಂದ. ಕೂಸಿಗೆ ಆಡಿನ ಹಾಲು ಎಂದ. "ಮತ್ತೆ ನಾಲ್ಕನೆಯ ಹಾಲೇನೋ?" ಎಂದು ಡಾಕ್ಟರು ಗದರಿದರು. ಆ ಆಡು ನನ್ನ ಶಾಲೆಯ ತಿಂಗಳ ಪರೀಕ್ಷೆಯ ಉತ್ತರ ಪತ್ರಿಕೆಗಳನ್ನು, ಭೂಗೋಳ ಒಂದನ್ನು ಬಿಟ್ಟು, ತಿಂದುಹಾಕಿತು. ಬೀರಪ್ಪ ಕೂಸಿಗೆ ತನ್ನ ಅಜ್ಜಿಯ ಹೆಸರಿಟ್ಟ: ಹಾಲವ್ವ. ಡಾಕ್ಟರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು.

ಆದರೆ ನಿದ್ದೆ ಮಾತ್ರ ನಮಗೆ ಯಾರಿಗೂ ಬರುತ್ತಿರಲಿಲ್ಲ. ದಿನಕ್ಕೊಬ್ಬರು ಕೂಸಿನ ಪಕ್ಕ ಮಲಗುತ್ತಿದ್ದರು. ಅದು ಮಿಸುಕಿದರೂ ಏಳುವುದು, ಮಿಸುಕದಿದ್ದರಂತೂ ಎದ್ದು ಮೂಗಿನ ಬಳಿ ಬೆರಳಿಡುವುದು. ಗೋಡೆಯ ಈಚೆ ನಾನು. ಬೆಳಿಗ್ಗೆ ತರಗತಿಯಲ್ಲಿ ಲೆಕ್ಕ ಹಾಕಿಕೊಟ್ಟು ಕುರ್ಚಿಯಲ್ಲೇ ತೂಕಡಿಸುತ್ತಿದ್ದೆ.

ಒಂದು ಸಂಜೆ ಸೊರಬದ ಬಸ್ಸು ಮೂಲೆಯಲ್ಲಿ ತಿರುಗಿದ್ದು ಮಾತ್ರವಲ್ಲ, ನಿಂತಿತು. ಕಂಡಕ್ಟರ್ ಕೂಗಲಿಲ್ಲ. ಕೆಳಗಿಳಿದು ಕೈಕೊಟ್ಟು ನೀಲವ್ವನನ್ನು ಇಳಿಸಿದ.

ಗುರುತೇ ಸಿಗುತ್ತಿರಲಿಲ್ಲ. ಕೂದಲು ಉದುರಿತ್ತು, ಬಳೆಗಳು ಮೊಣಕೈ ತನಕ ಜಾರುತ್ತಿದ್ದವು. ಬಾಗಿಲಲ್ಲೇ ಕೂತು ಕೈ ಚಾಚಿದಳು. ಎಸ್ತೇರಮ್ಮ ಕೂಸನ್ನು ಅವಳ ಮಡಿಲಿಗೆ ಹಾಕಿದರು. ಕೂಸು ಅವಳ ಮುಖ ನೋಡಿ, ತುಟಿ ಸೊಟ್ಟ ಮಾಡಿ, ಎಸ್ತೇರಮ್ಮನ ಕಡೆ ತಿರುಗಿ ಜೋರಾಗಿ ಅತ್ತಿತು. ನೀಲವ್ವ ಅಳಲಿಲ್ಲ. "ಮರೆತೈತೆ," ಅಂದಳು ಅಷ್ಟೇ. ಎದೆಯಲ್ಲಿ ಹಾಲೂ ಇರಲಿಲ್ಲ.

ಆಗ ಕರಿಯವ್ವ ಒಳಗೆ ಹೋಗಿ ಕೂಸಿನ ಹಾಸಿಗೆಯನ್ನು ಎಳೆದು ತಂದಳು. ಹಾಸಿಗೆ ಎಂದರೆ ನೀಲವ್ವನ ಒಂದು ಹಳೆಯ ಸೀರೆ. ತಾಯಿ ಹೋದಂದಿನಿಂದ ಕೂಸು ಅದರ ಮೇಲೆಯೇ ಮಲಗಿತ್ತು. ಅದನ್ನು ಸೊಸೆಯ ಹೆಗಲಿಗೆ ಹೊದಿಸಿ, ಕೂಸಿನ ಮುಖವನ್ನು ಅದಕ್ಕೆ ಒರಗಿಸಿದಳು. "ಆಸ್ಪತ್ರೆ ವಾಸನೆ ಬರ್ತೈತೆ ನಿನ್ನ ಮೈಗೆ. ಅದಕ್ಕೇನು ಗೊತ್ತು? ಈಗ ನೋಡು." ಕೂಸು ಬಿಕ್ಕಿತು, ಮೂಸಿತು, ಮತ್ತೆ ಬಿಕ್ಕಿತು. ಆಮೇಲೆ ಆ ಸೀರೆಯ ಒಂದು ಮೂಲೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ನೀಲವ್ವನ ಕೊರಳ ಸಂದಿಗೆ ಮುಖ ಸಿಕ್ಕಿಸಿತು.

ಅವತ್ತು ಯಾರೂ ಮನೆಗೆ ಹೋಗಲಿಲ್ಲ. ನೀಲವ್ವನಿಗೆ ಗಂಜಿ ಕುಡಿಸಿ, ಮಾತಾಡುತ್ತ ಮಾತಾಡುತ್ತ ಎಲ್ಲರೂ ಅಲ್ಲೇ ಉರುಳಿಕೊಂಡರು. ನಾನೂ ನನ್ನ ಚಾಪೆಯನ್ನು ಗೋಡೆಯ ಆಚೆಗೇ ಒಯ್ದೆ.

ಎಚ್ಚರವಾದಾಗ ಹೊತ್ತು ಏರಿ, ಹೆಂಚಿನ ಸಂದಿಯಿಂದ ಬಿಸಿಲಿನ ಕೋಲುಗಳು ನೆಲಕ್ಕೆ ಇಳಿದಿದ್ದವು. ರಾತ್ರಿ ಒಬ್ಬರೂ ಎದ್ದಿರಲಿಲ್ಲ. ಎಸ್ತೇರಮ್ಮನ ಕಾಲಿನ ಮೇಲೆ ಲೂಸಿಯಮ್ಮನ ತಲೆ. ಗೌರಮ್ಮನವರು ಕಂಬಕ್ಕೆ ಒರಗಿ ಬಾಯಿ ತೆರೆದು, ಮಹಿಳಾ ಸಮಾಜದ ಯಾರೂ ಕೇಳಿರಲಾರದಂಥ ಗೊರಕೆ ಹೊಡೆಯುತ್ತಿದ್ದರು. ಬೀರಪ್ಪ ಜಗಲಿಯಲ್ಲಿ ಕಂಬಳಿ ಮುಸುಕು ಹಾಕಿಕೊಂಡಿದ್ದ. ಕರಿಯವ್ವನ ಒಂದು ಕೈ ಸೊಸೆಯ ಮೇಲಿತ್ತು.

ಅವರ ನಡುವೆ ಹಾಲವ್ವ ಒಬ್ಬಳೇ ಎಚ್ಚರವಿದ್ದಳು. ಅಳುತ್ತಿರಲಿಲ್ಲ. ಬಿಸಿಲುಕೋಲಿನಲ್ಲಿ ಕುಣಿಯುತ್ತಿದ್ದ ಧೂಳನ್ನು ಹಿಡಿಯಲು ಕೈ ಎತ್ತಿ, ಹಿಡಿದೆನೆಂದು ಮುಷ್ಟಿ ಬಿಡಿಸಿ ನೋಡಿ, ಏನೂ ಇಲ್ಲದ್ದಕ್ಕೆ ಬೇಸರವಿಲ್ಲದೆ ಮತ್ತೆ ಕೈ ಎತ್ತುತ್ತಿದ್ದಳು. ನನ್ನನ್ನು ನೋಡಿದಳು. ನಾನು ತುಟಿಯ ಮೇಲೆ ಬೆರಳಿಟ್ಟೆ. ಆಮೇಲೆ ಯಾರನ್ನೂ ಎಬ್ಬಿಸದೆ, ಅವಳ ಕಡೆ ಮುಖ ಮಾಡಿ ಮತ್ತೆ ಮಲಗಿಕೊಂಡೆ.